ಯಾವುದಕ್ಕೆ ಸಹಿ ಹಾಕಿದ್ದು? ಒಂದು ಸಮ್ಮತಿ ಪತ್ರದ ಪ್ರಕರಣ ಅಧ್ಯಯನ

1995ರ ಮೇ 9ರಂದು ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಸ್ತ್ರೀರೋಗ ತಜ್ಞೆಯೊಬ್ಬರ ಕ್ಲಿನಿಕ್ಕಿಗೆ ಹೋದರು. ಒಂಬತ್ತು ದಿನಗಳಿಂದ ಮುಟ್ಟಿನ ರಕ್ತಸ್ರಾವ ನಿಂತಿರಲಿಲ್ಲ. ವೈದ್ಯೆ ಪರೀಕ್ಷಿಸಿ, ಅಂದೇ ಅಲ್ಟ್ರಾಸೌಂಡ್ ಮಾಡಿಸಲು ಹೇಳಿದರು. ವರದಿ ನೋಡಿದ ಮೇಲೆ ಇಬ್ಬರ ನಡುವೆ ಮಾತುಕತೆ ನಡೆಯಿತು. ರೋಗ ಇಂಥದ್ದೇ ಎಂದು ಖಚಿತಪಡಿಸಿಕೊಳ್ಳಲು ಮರುದಿನ ಪೂರ್ಣ ಅರಿವಳಿಕೆ ಕೊಟ್ಟು ಲ್ಯಾಪರೋಸ್ಕೋಪಿ ಪರೀಕ್ಷೆ ಮಾಡಬೇಕು ಎಂದು ವೈದ್ಯೆ ಸೂಚಿಸಿದರು. ಮರುದಿನ ಆಕೆ ತಾಯಿಯೊಡನೆ ಬಂದು, ಕೊಟ್ಟ ಕಾಗದಗಳಿಗೆ ಸಹಿ ಹಾಕಿ ಒಳಗೆ ಹೋದರು. ಅರಿವಳಿಕೆ ಇಳಿದು ಎಚ್ಚರವಾಗುವ ಹೊತ್ತಿಗೆ ಅವರ ಗರ್ಭಕೋಶ, ಎರಡೂ ಅಂಡಾಶಯಗಳು ಮತ್ತು ಅಂಡನಾಳಗಳನ್ನು ತೆಗೆದುಹಾಕಲಾಗಿತ್ತು.

ಈ ವಿವಾದಕ್ಕೆ ಕೊನೆಯ ಉತ್ತರ ಸಿಕ್ಕಿದ್ದು 2008ರ ಜನವರಿ 16ರಂದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠದಿಂದ. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಭಾರತದಲ್ಲಿ ವೈದ್ಯಕೀಯ ಸಮ್ಮತಿಯ ಬಗ್ಗೆ ಗಂಭೀರವಾಗಿ ಮಾತನಾಡುವ ಯಾರೂ ಈ ತೀರ್ಪನ್ನು ದಾಟಿ ಹೋಗಲಾರರು. ಕಕ್ಷಿಗಾರರ ಹೆಸರುಗಳು ಕಾನೂನು ವರದಿಗಳಲ್ಲಿವೆ. ನಮಗೆ ರೋಗಿ, ತಾಯಿ, ವೈದ್ಯೆ ಎಂದರೆ ಸಾಕು. ಈ ಪ್ರಕರಣವನ್ನು ಸಾಮಾನ್ಯವಾಗಿ ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆ ಇಟ್ಟುಕೊಂಡು ಓದುತ್ತಾರೆ, ಪಾಠವನ್ನೂ ಹಾಗೆಯೇ ಮಾಡುತ್ತಾರೆ. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಸಹಿ ಹಾಕಿದಾಗ ರೋಗಿಗೆ ಏನು ಅರ್ಥವಾಗಿತ್ತು? ಅದನ್ನು ಯಾರಾದರೂ ಕೇಳಿದರೇ?

ಕಡತದಲ್ಲಿ ಇದ್ದದ್ದು

ರೋಗಿ ಸಹಿ ಹಾಕಿದ ಕಾಗದಗಳು ಮೂರು. ಮೊದಲನೆಯದು ದಾಖಲಾತಿ ಮತ್ತು ಡಿಸ್‌ಚಾರ್ಜ್ ಕಾರ್ಡು, ಎರಡನೆಯದು ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆಯಲು ಕೊಡುವ ಸಾಮಾನ್ಯ ಸಮ್ಮತಿ ಪತ್ರ, ಮೂರನೆಯದು ಶಸ್ತ್ರಚಿಕಿತ್ಸೆಯ ಸಮ್ಮತಿ ಪತ್ರ. ದಾಖಲಾತಿ ಕಾರ್ಡಿನಲ್ಲಿ ಬಂದ ಕಾರಣವನ್ನು 'ಡಯಾಗ್ನಾಸ್ಟಿಕ್ ಆಂಡ್ ? ಆಪರೇಟಿವ್ ಲ್ಯಾಪರೋಸ್ಕೋಪಿ' ಎಂದು ಬರೆಯಲಾಗಿತ್ತು. ಆ ಪ್ರಶ್ನಾರ್ಥಕ ಚಿಹ್ನೆ ಮುದ್ರಣದೋಷವಲ್ಲ. ವೈದ್ಯರು ಕೇಸ್ ಶೀಟಿನಲ್ಲಿ ಹೀಗೆ ಬರೆಯುವುದು ರೂಢಿ: ಇದು ಬೇಕಾಗಬಹುದು, ಇನ್ನೂ ಖಚಿತವಿಲ್ಲ ಎಂದು ತಮಗೆ ತಾವೇ ಹಾಕಿಕೊಳ್ಳುವ ಗುರುತು ಅದು. ಶಸ್ತ್ರಚಿಕಿತ್ಸೆಯ ಸಮ್ಮತಿ ಪತ್ರವನ್ನು ತುಂಬಿದವರು ಸಹಾಯಕ ವೈದ್ಯೆ. ಅಲ್ಲಿ ಇದ್ದದ್ದು 'ಡಯಾಗ್ನಾಸ್ಟಿಕ್ ಆಂಡ್ ಆಪರೇಟಿವ್ ಲ್ಯಾಪರೋಸ್ಕೋಪಿ. ಲ್ಯಾಪರಾಟಮಿ ಬೇಕಾಗಬಹುದು' ಎಂಬ ಒಕ್ಕಣೆ. ಒಂದು ಕಾಗದದಲ್ಲಿದ್ದ ಅನುಮಾನ ಇನ್ನೊಂದಕ್ಕೆ ಬರುವಷ್ಟರಲ್ಲಿ ಇಲ್ಲವಾಗಿತ್ತು. ಅಷ್ಟೇ ಅಲ್ಲ, ಅದರ ಪಕ್ಕಕ್ಕೆ ಇನ್ನೂ ದೊಡ್ಡದೊಂದು ಸಾಧ್ಯತೆ ಬಂದು ಕುಳಿತಿತ್ತು. ಇಡೀ ವ್ಯಾಜ್ಯ ನಿಂತದ್ದು ಈ ಎರಡು ವಾಕ್ಯಗಳ ಮೇಲೆ.

ಈ ಪದಗಳನ್ನು ಬಿಡಿಸಿ ನೋಡಬೇಕು. ರೋಗನಿರ್ಣಯದ ಲ್ಯಾಪರೋಸ್ಕೋಪಿ ಎಂದರೆ ಹೊಕ್ಕುಳಿನ ಬಳಿ ಸಣ್ಣ ರಂಧ್ರ ಮಾಡಿ, ಹೊಟ್ಟೆಯೊಳಗೆ ಅನಿಲ ತುಂಬಿಸಿ, ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು. ಆಪರೇಟಿವ್ ಲ್ಯಾಪರೋಸ್ಕೋಪಿಯಲ್ಲಿ ಅಂಥ ರಂಧ್ರಗಳ ಮೂಲಕವೇ ಸಣ್ಣ ಉಪಕರಣಗಳನ್ನು ಹಾಕಿ ಗಂಟು, ನೀರ್ಗುಳ್ಳೆ, ಅಂಟಿಕೊಂಡ ಅಂಗಾಂಶ ಇಂಥವನ್ನು ಬಿಡಿಸುತ್ತಾರೆ, ಸುಡುತ್ತಾರೆ ಅಥವಾ ತೆಗೆಯುತ್ತಾರೆ. ಲ್ಯಾಪರಾಟಮಿ ಎಂದರೆ ಹೊಟ್ಟೆಯನ್ನು ಕೊಯ್ದು ತೆರೆಯುವುದು, ಅಷ್ಟೇ. ತೆರೆದ ಮೇಲೆ ಒಳಗೆ ಏನು ಮಾಡುತ್ತಾರೆ ಎಂಬುದನ್ನು ಆ ಪದ ಹೇಳುವುದಿಲ್ಲ. ಇಲ್ಲಿ ಕೊನೆಗೆ ನಡೆದದ್ದು ಹೊಟ್ಟೆಯ ಮೂಲಕ ಗರ್ಭಕೋಶ ತೆಗೆಯುವುದರ ಜೊತೆಗೆ ಎರಡೂ ಕಡೆಯ ಅಂಡನಾಳ, ಅಂಡಾಶಯಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಇದರ ಹೆಸರು ಮೂರೂ ಕಾಗದಗಳ ಪೈಕಿ ಯಾವುದರಲ್ಲೂ ಇರಲಿಲ್ಲ.

ತಜ್ಞರ ಕಣ್ಣಿಗೆ ಈ ನಾಲ್ಕೂ ಒಂದೇ ಏಣಿಯ ಮೆಟ್ಟಿಲುಗಳಂತೆ ಕಾಣುತ್ತವೆ. ನೋಡುವುದು, ಸಣ್ಣದಾಗಿ ಸರಿಪಡಿಸುವುದು, ಆಗದಿದ್ದರೆ ತೆರೆಯುವುದು, ತೆರೆದ ಮೇಲೆ ರೋಗದ ಮೂಲವನ್ನೇ ತೆಗೆಯುವುದು. ರೋಗಿಗೆ ತಿಳಿದಿದ್ದದ್ದು ಮೊದಲ ಮೆಟ್ಟಿಲು ಮಾತ್ರ. ಪರೀಕ್ಷೆ ಎಂದು ಹೇಳಿದ್ದರು, ಪರೀಕ್ಷೆಗೆ ಬಂದಿದ್ದರು. ಅವರ ಮುಂದಿನ ಎಲ್ಲ ದೂರುಗಳಲ್ಲೂ ಇದೇ ಮಾತು ಇದೆ.

ವೈದ್ಯೆಯ ಪಕ್ಷ

ಈ ಪ್ರಕರಣವನ್ನು ಹೇಳುವಾಗ ವೈದ್ಯೆಯನ್ನು ಖಳನಾಯಕಿಯಾಗಿ ಚಿತ್ರಿಸುವುದು ಸುಲಭ. ಹಾಗೆ ಮಾಡಿದರೆ ಪ್ರಕರಣದ ತಿರುಳೇ ಕೈತಪ್ಪುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಕಂಡದ್ದು ತೀವ್ರವಾದ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯಗಳ ಮೇಲೆ, ಹೊಟ್ಟೆಯೊಳಗಿನ ಪದರಗಳ ಮೇಲೆ ಬೆಳೆಯುವ ರೋಗ ಇದು. ನೋವು, ರಕ್ತಸ್ರಾವ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅದರ ಲಕ್ಷಣಗಳು. ರೋಗ ಬಹಳ ಹರಡಿದಾಗ, ರೋಗಿಯ ವಯಸ್ಸು ನಲವತ್ತು ದಾಟಿದಾಗ, ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯುವುದು ವೈದ್ಯಶಾಸ್ತ್ರ ಒಪ್ಪಿದ ಮಾರ್ಗಗಳಲ್ಲಿ ಒಂದು. ಆ ರೋಗಕ್ಕೆ ಆ ಶಸ್ತ್ರಚಿಕಿತ್ಸೆಯೇ ಸರಿಯಾದ ಪರಿಹಾರ, ಬೇರೆ ದಾರಿ ಹಿಡಿದಿದ್ದರೆ ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು ಎಂಬುದು ವೈದ್ಯೆಯ ನಿಲುವಾಗಿತ್ತು. ಇಂಥ ಸಾಧ್ಯತೆಯನ್ನು ರೋಗಿಯೊಡನೆ ಮೊದಲೇ ಮಾತನಾಡಿದ್ದಾಗಿಯೂ ಅವರು ವಾದಿಸಿದರು.

ಆ ಮಾತು ನಿಜವೇ ಇರಬಹುದು ಎಂದು ಒಂದು ಕ್ಷಣ ಒಪ್ಪಿಕೊಳ್ಳೋಣ. 'ರೋಗ ಜಾಸ್ತಿ ಇದ್ದರೆ ದೊಡ್ಡ ಆಪರೇಷನ್ ಬೇಕಾಗುತ್ತದೆ' ಎಂದು ಮೇ 9ರಂದು ಹೇಳಿದ್ದರು ಎಂದಿಟ್ಟುಕೊಳ್ಳಿ. ಹೇಳಿದವರ ಮನಸ್ಸಿನಲ್ಲಿ ಅದಕ್ಕೆ ಖಚಿತವಾದ ಅರ್ಥವಿತ್ತು. ಕೇಳಿದವರು ಒಂಬತ್ತು ದಿನ ರಕ್ತಸ್ರಾವದಿಂದ ಸೋತವರು, ಅದೇ ದಿನ ಸ್ಕ್ಯಾನಿಂಗ್ ಮಾಡಿಸಿಕೊಂಡವರು. ಬೇಕಾದರೆ ಮುಂದೊಂದು ದಿನ ಆಪರೇಷನ್, ಅದಕ್ಕೆ ಮೊದಲು ತಮ್ಮನ್ನು ಕೇಳುತ್ತಾರೆ ಎಂದು ಅವರು ತಿಳಿದುಕೊಂಡಿದ್ದರೆ ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಒಬ್ಬರು ಹೇಳಿದ್ದೂ ನಿಜ, ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಎಂಬುದೂ ನಿಜ. ಎರಡೂ ಒಟ್ಟಿಗೆ ಇರಬಲ್ಲವು. ಆಸ್ಪತ್ರೆಯ ಜಗಳಗಳಲ್ಲಿ ಎರಡೂ ಕಡೆಯವರು ಅಷ್ಟು ಪ್ರಾಮಾಣಿಕವಾಗಿ ಸಿಟ್ಟಾಗುವುದು ಇದರಿಂದಲೇ ಎಂದು ನನಗೆ ಅನಿಸುತ್ತದೆ.

ಬಾಗಿಲ ಹೊರಗಿದ್ದ ತಾಯಿ

ರೋಗಿ ಅರಿವಳಿಕೆಯಲ್ಲಿ ಇದ್ದಾಗಲೇ ಸಹಾಯಕ ವೈದ್ಯೆ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದು, ಅಲ್ಲಿ ಕಾದಿದ್ದ ತಾಯಿಯಿಂದ ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದರು. ಕಾನೂನಿನ ಕಣ್ಣಿನಲ್ಲಿ ಈ ಒಪ್ಪಿಗೆಗೆ ಬೆಲೆಯಿಲ್ಲ ಎಂದು ಮುಂದೆ ತೀರ್ಮಾನವಾಯಿತು. ರೋಗಿ ವಯಸ್ಕಳು, ಸ್ವಸ್ಥಚಿತ್ತಳು, ತಾತ್ಕಾಲಿಕವಾಗಿ ಮಾತ್ರ ಎಚ್ಚರ ತಪ್ಪಿದ್ದವಳು. ಅಂಥವಳ ಪರವಾಗಿ ಬೇರೊಬ್ಬರು ಒಪ್ಪಿಗೆ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಹೀಗಾಗಿ ತಾಯಿಗೆ ಏನು ಹೇಳಿದರು, ತಾಯಿಗೆ ಏನು ತಿಳಿಯಿತು ಎಂಬುದು ತೀರ್ಪಿನ ದೃಷ್ಟಿಯಿಂದ ಅಗತ್ಯವಿಲ್ಲದ ವಿಷಯವಾಯಿತು.

ನಮಗೆ ಅದು ಅಗತ್ಯ, ಏಕೆಂದರೆ ನಮ್ಮಲ್ಲಿ ಒಪ್ಪಿಗೆ ಕೇಳುವ ಅತಿ ಸಾಮಾನ್ಯವಾದ ದೃಶ್ಯವೇ ಇದು. ಮುಚ್ಚಿದ ಬಾಗಿಲು. ಒಳಗೆ ಮಗಳು ಮೇಜಿನ ಮೇಲೆ ಮಲಗಿದ್ದಾಳೆ. ಮುಖಗವಸು ಧರಿಸಿದ ಒಬ್ಬರು ಹೊರಗೆ ಬಂದು ರೋಗ ತುಂಬಾ ಹರಡಿದೆ, ತೆಗೆಯಬೇಕು, ಸಹಿ ಹಾಕಿ ಎನ್ನುತ್ತಾರೆ. ಒಳಗಿರುವವಳ ಪ್ರಾಣಕ್ಕೆ ಅಪಾಯವಿದೆಯೇ? ಈಗಲೇ ಆಗಬೇಕೇ? ತೆಗೆದರೆ ನಾಳೆಯಿಂದ ಏನಾಗುತ್ತದೆ? ತೆಗೆಯದೆ ಹೊಲಿದು ಎಬ್ಬಿಸಿದರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ಆ ಜಾಗದಲ್ಲಿ ನಿಂತು ಕೇಳುವ ತಾಯಿ ಎಷ್ಟು ಮಂದಿ ಇದ್ದಾರು? ಪ್ರಶ್ನೆ ಕೇಳಿದಷ್ಟೂ ಹೊತ್ತು ಮಗಳು ಒಳಗೆ ಹಾಗೆಯೇ ಮಲಗಿರುತ್ತಾಳೆ ಎಂಬ ಭಯವೊಂದೇ ಸಾಕು, ಬಾಯಿ ಕಟ್ಟಿಹೋಗುತ್ತದೆ. ಬೇಡ ಎನ್ನಲು ಅವಕಾಶವೇ ಇಲ್ಲದ ಜಾಗದಲ್ಲಿ ಸಿಕ್ಕ ಹೂಂಗುಟ್ಟುವಿಕೆಯನ್ನು ಸಮ್ಮತಿ ಎಂದು ಕರೆಯುವುದು ನನಗೆ ಕಷ್ಟವಾಗುತ್ತದೆ, ಅದನ್ನು ಕೊಟ್ಟವರು ಯಾರೇ ಇರಲಿ.

ಅಂಡಾಶಯಗಳನ್ನು ತೆಗೆದರೆ ಏನಾಗುತ್ತದೆ ಎಂಬ ಪ್ರಶ್ನೆಯೇನೂ ಸಣ್ಣದಲ್ಲ. ಸಹಜವಾದ ಋತುಬಂಧ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಎರಡೂ ಅಂಡಾಶಯಗಳು ಹೋದಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ದಿಢೀರನೆ ಕುಸಿಯುತ್ತದೆ. ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಮೂಳೆ ಸವೆಯುವುದು, ಹಾರ್ಮೋನ್ ಚಿಕಿತ್ಸೆಯ ಅಗತ್ಯ ಇವೆಲ್ಲ ಅದರ ಹಿಂದೆಯೇ ಬರುತ್ತವೆ. ರೋಗಿ ತಮ್ಮ ದೂರಿನಲ್ಲಿ ಅವಧಿಗೆ ಮೊದಲೇ ಬಂದ ಋತುಬಂಧವನ್ನೂ ಹಾರ್ಮೋನ್ ಚಿಕಿತ್ಸೆಯನ್ನೂ ಹೆಸರಿಸಿದ್ದರು. ತಾಯಿಯಾಗುವ ಅವಕಾಶ ಹೋದದ್ದನ್ನೂ ಹೇಳಿದ್ದರು. 44ರ ವಯಸ್ಸಿನಲ್ಲಿ, ಆ ರೋಗವಿದ್ದಾಗ, ಆ ಅವಕಾಶ ಎಷ್ಟಿತ್ತು ಎಂದು ಲೆಕ್ಕ ಹಾಕುವವರು ಇರುತ್ತಾರೆ. ಅದು ಎಷ್ಟೇ ಇದ್ದರೂ ಬಿಟ್ಟುಕೊಡಬೇಕಾದವರು ಅವರೇ ಆಗಿದ್ದರು.

ಕ್ಲಿನಿಕ್ಕಿನಿಂದ ನ್ಯಾಯಾಲಯಕ್ಕೆ

ಮೇ 15ರಂದು ರೋಗಿ ಬಿಲ್ಲು ಪಾವತಿಸದೆ ಕ್ಲಿನಿಕ್ಕಿನಿಂದ ಹೊರಟರು. ಆ ತಿಂಗಳು ಮುಗಿಯುವುದರೊಳಗೆ ಎರಡೂ ಕಡೆಯಿಂದ ಪೊಲೀಸ್ ದೂರುಗಳಾದವು. ಜೂನ್ 5ರಂದು ವೈದ್ಯೆಯ ಕಡೆಯಿಂದ 39,325 ರೂಪಾಯಿ ಶುಲ್ಕ ಕೇಳಿ ವಕೀಲರ ನೋಟಿಸು ಹೋಯಿತು. 1996ರ ಜನವರಿ 19ರಂದು ರೋಗಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ 25 ಲಕ್ಷ ರೂಪಾಯಿ ಪರಿಹಾರ ಕೋರಿ ದೂರು ಸಲ್ಲಿಸಿದರು. ಆಯೋಗ 2003ರ ನವೆಂಬರ್ 19ರಂದು ಅದನ್ನು ವಜಾ ಮಾಡಿತು. ರೋಗಿ ಸ್ವಇಚ್ಛೆಯಿಂದ ಕ್ಲಿನಿಕ್ಕಿಗೆ ಬಂದಿದ್ದರು, ಶಸ್ತ್ರಚಿಕಿತ್ಸೆಯನ್ನು ಸಾಕಷ್ಟು ಎಚ್ಚರಿಕೆಯಿಂದಲೇ ಮಾಡಲಾಗಿತ್ತು ಎಂಬುದು ಅದರ ನಿಲುವು. ಸ್ವಇಚ್ಛೆಯಿಂದ ಬಾಗಿಲು ದಾಟಿ ಬಂದದ್ದನ್ನೇ ಒಳಗೆ ನಡೆದ ಎಲ್ಲದಕ್ಕೂ ಇಚ್ಛೆ ಎಂದು ಓದುವ ಈ ತರ್ಕ ಒಂದು ಆಯೋಗದ ತಪ್ಪು ಮಾತ್ರವಲ್ಲ. ಆಸ್ಪತ್ರೆಗೆ ಸೇರಿದ ಮೇಲೆ ವೈದ್ಯರು ಮಾಡಿದ್ದೇ ಸರಿ ಎಂದು ಅಂದುಕೊಳ್ಳುವ ನಮ್ಮೆಲ್ಲರ ತಲೆಯಲ್ಲೂ ಅದು ಇದೆ.

ಸುಪ್ರೀಂ ಕೋರ್ಟ್ ಈ ತರ್ಕವನ್ನು ಒಪ್ಪಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ, ಒಂದು ಚಿಕಿತ್ಸೆಗೆ ಕೊಟ್ಟದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ ಎಂದು ಹೇಳಿತು. ಹೆಚ್ಚುವರಿ ಶಸ್ತ್ರಚಿಕಿತ್ಸೆಯಿಂದ ರೋಗಿಗೆ ಒಳ್ಳೆಯದಾಯಿತು, ಹಣ ಮತ್ತು ಸಮಯ ಉಳಿಯಿತು, ಮುಂದಿನ ನೋವು ತಪ್ಪಿತು ಎಂಬ ಸಮರ್ಥನೆಗಳು ನಿಲ್ಲುವುದಿಲ್ಲ ಎಂದಿತು. ಅದು ಉಳಿಸಿದ ಏಕೈಕ ವಿನಾಯಿತಿ, ಜೀವ ಅಥವಾ ಆರೋಗ್ಯ ಉಳಿಸಲು ಅನಿವಾರ್ಯವಾಗಿ, ರೋಗಿಗೆ ಎಚ್ಚರ ಬರುವವರೆಗೆ ಕಾಯುವುದು ಸರಿಯಲ್ಲ ಎನ್ನುವಂಥ ಸಂದರ್ಭ. ಇಲ್ಲಿ ಅಂಥ ತುರ್ತು ಇರಲಿಲ್ಲ. ವೈದ್ಯೆ ಕಾಯಬೇಕಿತ್ತು, ರೋಗಿಗೆ ಎಚ್ಚರವಾದ ಮೇಲೆ ಕಂಡದ್ದನ್ನು ತಿಳಿಸಿ, ಅವರ ಒಪ್ಪಿಗೆ ಪಡೆದು ಮುಂದುವರಿಯಬೇಕಿತ್ತು.

ಪರಿಹಾರದ ಮೊತ್ತಕ್ಕೆ ಬಂದಾಗ ಕೋರ್ಟಿನ ಕೈ ಬಿಗಿಯಾಯಿತು. ಶಸ್ತ್ರಚಿಕಿತ್ಸೆಯನ್ನು ಸದುದ್ದೇಶದಿಂದ, ರೋಗಿಯ ಒಳಿತಿಗಾಗಿಯೇ ಮಾಡಲಾಗಿತ್ತು ಎಂಬುದು ಲೆಕ್ಕಕ್ಕೆ ಬಂತು. ವೈದ್ಯೆಗೆ ಶುಲ್ಕ ಸ್ವಲ್ಪವೂ ಇಲ್ಲ, ರೋಗಿಗೆ 25,000 ರೂಪಾಯಿ ಪರಿಹಾರ, ಅದರ ಮೇಲೆ ಆಯೋಗದ ಆದೇಶದ ದಿನದಿಂದ ವರ್ಷಕ್ಕೆ ಶೇ. 10ರ ಬಡ್ಡಿ, 5,000 ರೂಪಾಯಿ ವೆಚ್ಚ. ಕೇಳಿದ್ದರ ನೂರರಲ್ಲಿ ಒಂದು ಪಾಲು, ಅದೂ ಹನ್ನೆರಡು ವರ್ಷಗಳ ನಂತರ. ತತ್ವದಲ್ಲಿ ಅಷ್ಟು ದೊಡ್ಡ ಗೆಲುವು, ಕೈಗೆ ಬಂದದ್ದು ಇಷ್ಟು. ತೀರ್ಪಿನ ಬಗ್ಗೆ ಎಷ್ಟೇ ಗೌರವವಿದ್ದರೂ ಈ ಭಾಗ ಓದುವಾಗ ನನಗೆ ಇರಿಸುಮುರಿಸಾಗುತ್ತದೆ.

ಒಂದು ಪದ ಇದ್ದಿದ್ದರೆ

ಈಗ ಒಂದು ಊಹೆ ಮಾಡೋಣ. ಸಮ್ಮತಿ ಪತ್ರದಲ್ಲಿ 'ಲ್ಯಾಪರಾಟಮಿ ಬೇಕಾಗಬಹುದು' ಎಂಬುದರ ಮುಂದೆ 'ಹಿಸ್ಟರೆಕ್ಟಮಿಯೂ ಬೇಕಾಗಬಹುದು', ಅಂದರೆ ಗರ್ಭಕೋಶ ತೆಗೆಯುವುದೂ ಬೇಕಾಗಬಹುದು, ಎಂದು ಸಹಾಯಕ ವೈದ್ಯೆ ಸೇರಿಸಿದ್ದರು ಎನ್ನಿ. ಬರೆಯಲು ಐದು ಸೆಕೆಂಡು ಸಾಕು. ಉಳಿದದ್ದೆಲ್ಲ ಹಾಗೆಯೇ ಇರಲಿ: ಅದೇ ಅವಸರ, ಅದೇ ಅರ್ಧ ಮಾತುಕತೆ, ಪರೀಕ್ಷೆಗೆ ಹೋಗುತ್ತಿದ್ದೇನೆ ಎಂಬ ರೋಗಿಯ ಅದೇ ತಿಳಿವಳಿಕೆ. ಆಗ ಈ ಮೊಕದ್ದಮೆ ಬಹುಶಃ ಗೆಲ್ಲುತ್ತಿರಲಿಲ್ಲ. ರೋಗಿಗೆ ಒಂದಿಷ್ಟೂ ಹೆಚ್ಚು ಅರ್ಥವಾಗದೆಯೇ ವೈದ್ಯೆ ಸುರಕ್ಷಿತರಾಗಿಬಿಡುತ್ತಿದ್ದರು.

ಈ ಪ್ರಕರಣದಲ್ಲಿ ರೋಗಿಗೆ ನ್ಯಾಯ ಸಿಕ್ಕಿದ್ದಕ್ಕೆ ಮುಖ್ಯ ಕಾರಣ ಕಾಗದದಲ್ಲಿದ್ದ ಕೊರತೆ. ಹಾಗಾಗಿ ಆಸ್ಪತ್ರೆಗಳು ಇದರಿಂದ ಸುಲಭವಾಗಿ ಕಲಿಯಬಹುದಾದ ಪಾಠವೂ ಕಾಗದದ ಪಾಠವೇ: ಆಗಬಹುದಾದದ್ದನ್ನೆಲ್ಲ ಬರೆದಿಡಿ. ಒಂದು ಶಸ್ತ್ರಚಿಕಿತ್ಸೆಗೆ ಪುಟಗಟ್ಟಲೆ ಸಮ್ಮತಿ ಪತ್ರ, ಸಾವಿನಿಂದ ಹಿಡಿದು ಹಲ್ಲು ಮುರಿಯುವವರೆಗೆ ಅಪಾಯಗಳ ಪಟ್ಟಿ, ಕೊನೆಗೆ 'ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಗತ್ಯವೆನಿಸಿದ ಬೇರೆ ಯಾವುದೇ ಕ್ರಮಕ್ಕೂ ನನ್ನ ಒಪ್ಪಿಗೆ ಇದೆ' ಎಂಬಂಥ ಒಂದು ಸಾಲು. ಹೆಚ್ಚು ಬರೆದಷ್ಟೂ ಹೆಚ್ಚು ತಿಳಿಸಿದಂತಾಯಿತು ಎಂಬ ನಂಬಿಕೆ ಇದರ ಹಿಂದಿದೆ.

ಆ ನಂಬಿಕೆಗೆ ಆಧಾರ ದುರ್ಬಲ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. 1980ರಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೀಮೋಥೆರಪಿ, ವಿಕಿರಣ ಅಥವಾ ಶಸ್ತ್ರಚಿಕಿತ್ಸೆಗೆ ಸಮ್ಮತಿ ಪತ್ರಕ್ಕೆ ಸಹಿ ಹಾಕಿದ 200 ಕ್ಯಾನ್ಸರ್ ರೋಗಿಗಳನ್ನು ಒಂದು ದಿನದೊಳಗೆ ಪ್ರಶ್ನಿಸಲಾಯಿತು. ಚಿಕಿತ್ಸೆ ಏನು, ಏಕೆ ಎಂಬುದು ತಿಳಿದಿದ್ದವರು ಶೇ. 60. ಒಂದಾದರೂ ಮುಖ್ಯ ಅಪಾಯವನ್ನು ಸರಿಯಾಗಿ ಹೇಳಿದವರು ಶೇ. 55. ಪತ್ರವನ್ನು ಗಮನವಿಟ್ಟು ಓದಿದ್ದಾಗಿ ಹೇಳಿದವರು ಶೇ. 40 ಮಾತ್ರ. ಈ ಪತ್ರಗಳು ಇರುವುದು ವೈದ್ಯರ ರಕ್ಷಣೆಗೆ ಎಂದು ಅವರಲ್ಲಿ ಹೆಚ್ಚಿನವರು ನಂಬಿದ್ದರು. ರೋಗಿಗಳಿಗೆ ತಿಳಿಯದ ವಿಷಯಗಳ ಪಟ್ಟಿಯಲ್ಲಿ ಇದನ್ನು ಸೇರಿಸಬೇಕಿಲ್ಲ. ಈ ಒಂದನ್ನು ಅವರು ಚೆನ್ನಾಗಿಯೇ ತಿಳಿದುಕೊಂಡಿದ್ದರು.

ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರದ್ದು 2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ. ಹೃದಯದ ರಕ್ತನಾಳದ ಪರೀಕ್ಷೆಗೆ, ಬೇಕಾದರೆ ಆಂಜಿಯೋಪ್ಲಾಸ್ಟಿಗೆ (ಕಿರಿದಾದ ರಕ್ತನಾಳವನ್ನು ಒಳಗಿನಿಂದ ಹಿಗ್ಗಿಸುವ ಚಿಕಿತ್ಸೆಗೆ) ಒಪ್ಪಿಗೆ ಕೊಟ್ಟವರನ್ನು ಅಲ್ಲಿ ಕೇಳಲಾಗಿತ್ತು. ಪರೀಕ್ಷೆ ಖಚಿತ, ಚಿಕಿತ್ಸೆ 'ಬೇಕಾದರೆ'. ದೆಹಲಿಯ ಆ ಕಾಗದದಲ್ಲಿದ್ದ ಒಕ್ಕಣೆಯೂ ಇದೇ ಮಾದರಿಯದು. ತುರ್ತಿಲ್ಲದ, ಸ್ಥಿರವಾದ ಎದೆನೋವಿಗೆ ಮಾಡುವ ಆಂಜಿಯೋಪ್ಲಾಸ್ಟಿ ನೋವನ್ನು ಕಡಿಮೆ ಮಾಡುತ್ತದೆ, ಮುಂದಿನ ಹೃದಯಾಘಾತವನ್ನು ತಡೆಯುವುದಿಲ್ಲ ಎಂಬುದು ಅಷ್ಟರಲ್ಲಿ ದೊಡ್ಡ ಪ್ರಯೋಗಗಳಿಂದ ಗೊತ್ತಾಗಿತ್ತು. ಆದರೆ ಒಪ್ಪಿಗೆ ಕೊಟ್ಟ ರೋಗಿಗಳಲ್ಲಿ ಶೇ. 88 ಮಂದಿ ಹೃದಯಾಘಾತದ ಅಪಾಯ ತಗ್ಗುತ್ತದೆ ಎಂದು ನಂಬಿದ್ದರು. ಇವರೆಲ್ಲರ ಸಹಿಯೂ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಯಾರೂ ಅವರಿಗೆ ಸುಳ್ಳು ಹೇಳಿರಬೇಕೆಂದಿಲ್ಲ. ಇಷ್ಟು ದೊಡ್ಡ ಚಿಕಿತ್ಸೆ ಮಾಡುವುದು ಜೀವ ಉಳಿಸಲು ಅಲ್ಲದೆ ಇನ್ನೇತಕ್ಕೆ ಎಂದು ರೋಗಿ ತಾನೇ ಜಾಗ ತುಂಬಿಕೊಳ್ಳುತ್ತಾನೆ.

ಒಂದೇ ವಿಷಯ, ಒಂದೇ ಅರ್ಥ

1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಕಲಮು ಸಮ್ಮತಿಯನ್ನು ವಿವರಿಸುವ ರೀತಿ ಬಹಳ ಚೊಕ್ಕ: ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡಾಗ ಅವರು ಸಮ್ಮತಿಸಿದರು ಎನ್ನಲಾಗುತ್ತದೆ. ಆಸ್ಪತ್ರೆಗಾಗಿ ಬರೆದ ಮಾತು ಇದಲ್ಲ, ವ್ಯಾಪಾರಕ್ಕಾಗಿ ಬರೆದದ್ದು. ಆದರೂ ಆ ಕ್ಲಿನಿಕ್ಕಿನಲ್ಲಿ ತಪ್ಪಿಹೋದದ್ದು ಏನು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು. ವಿಷಯವೂ ಒಂದಾಗಿರಲಿಲ್ಲ, ಅರ್ಥವೂ ಒಂದಾಗಿರಲಿಲ್ಲ. ವೈದ್ಯಕೀಯ ಮಂಡಳಿಯ 2002ರ ವೃತ್ತಿನೀತಿ ನಿಯಮಗಳಿಗೆ ಬಂದರೆ ಚಿತ್ರ ಬೇರೆ. ಶಸ್ತ್ರಚಿಕಿತ್ಸೆಗೆ ಮೊದಲು ಗಂಡ ಅಥವಾ ಹೆಂಡತಿಯಿಂದ, ಅಪ್ರಾಪ್ತ ವಯಸ್ಕರಾದರೆ ಪೋಷಕರಿಂದ, ಇಲ್ಲವೇ ಸಂದರ್ಭಕ್ಕೆ ತಕ್ಕಂತೆ ರೋಗಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು ಎಂದು 7.16ನೆಯ ನಿಯಮ ಹೇಳುತ್ತದೆ. ಸಾಲಿನಲ್ಲಿ ರೋಗಿ ನಿಂತಿರುವುದು ಕೊನೆಯಲ್ಲಿ. ಬಾಗಿಲ ಹೊರಗಿದ್ದವರ ಬಳಿಗೆ ಹೋಗುವ ಅಭ್ಯಾಸ ಏಕೆ ಉಳಿದುಕೊಂಡಿದೆ ಎಂದು ಆಶ್ಚರ್ಯಪಡಬೇಕಿಲ್ಲ.

ಏನನ್ನು ತಿಳಿಸಬೇಕು ಎಂಬುದರ ಬಗ್ಗೆ 2008ರ ತೀರ್ಪು ಸ್ಪಷ್ಟವಾಗಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಪರಿಣಾಮ, ಬೇರೆ ದಾರಿಗಳಿದ್ದರೆ ಅವು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗಬಹುದು ಎಂಬುದು. ಎಷ್ಟು ತಿಳಿಸಬೇಕು ಎಂಬಲ್ಲಿಗೆ ಬಂದಾಗ ಅಳತೆಗೋಲು ವೈದ್ಯರ ಕೈಗೇ ಹೋಯಿತು: ಆ ಕ್ಷೇತ್ರದ ಅನುಭವಿ ವೈದ್ಯರ ಸಮೂಹ ಸರಿ ಎಂದು ಒಪ್ಪುವಷ್ಟು. ವಿವೇಕವುಳ್ಳ ರೋಗಿಗೆ ಏನು ಬೇಕು ಎಂಬುದರಿಂದ ಅಳೆಯುವ, 1972ರ ಅಮೆರಿಕದ ಕ್ಯಾಂಟರ್ಬರಿ ತೀರ್ಪಿನ ಕಠಿಣ ಮಾನದಂಡವನ್ನು ಕೋರ್ಟ್ ಒಪ್ಪಿಕೊಳ್ಳಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ನಮ್ಮಲ್ಲಿ ಚಿಕಿತ್ಸೆಗೆ ಬರುವ ಬಹುಪಾಲು ಜನ ಬಡವರು, ಅನಕ್ಷರಸ್ಥರು ಅಥವಾ ಅರೆ ಅಕ್ಷರಸ್ಥರು, ವೈದ್ಯಕೀಯ ಪದಗಳೂ ಪರಿಕಲ್ಪನೆಗಳೂ ಅವರಿಗೆ ಅರ್ಥವಾಗಲಾರವು ಎಂಬುದು.

ಈ ಮಾತನ್ನು ನಾನು ಒಪ್ಪಲಾರೆ. ಅರ್ಥವಾಗುವುದು ಕಷ್ಟ ಎಂದರೆ ಬಿಡಿಸಿ ಹೇಳುವ ಹೊಣೆ ಹೆಚ್ಚಬೇಕು, ತಗ್ಗಬಾರದು. ಮಿಗಿಲಾಗಿ, ಕೋರ್ಟಿನ ಎದುರಿಗೇ ನಿಂತಿದ್ದ ರೋಗಿ ಆ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ವಕೀಲರ ನೋಟಿಸಿಗೆ ಉತ್ತರ, ಮರು ಉತ್ತರ ಕೊಟ್ಟು, ಹನ್ನೆರಡು ವರ್ಷ ಹಟ ಹಿಡಿದು, ದೇಶದ ಕೊನೆಯ ನ್ಯಾಯಾಲಯದವರೆಗೆ ಹೋದವರು ಅವರು. ಹಾಗಿದ್ದೂ ಮೇ 10ರ ಕಾಗದದ ಎರಡು ವಾಕ್ಯಗಳು ಅವರಿಗೆ ಮುಂದೆ ಆಗಲಿರುವುದನ್ನು ಹೇಳಲಿಲ್ಲ. ಆ ಪದಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ನಿಷ್ಕರ್ಷಿಸಲು ನ್ಯಾಯಮೂರ್ತಿಗಳೇ ವೈದ್ಯಕೀಯ ವ್ಯಾಖ್ಯೆಗಳನ್ನು ತೀರ್ಪಿನಲ್ಲಿ ಬಿಡಿಸಿ ಬರೆಯಬೇಕಾಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್ಗೊಮರಿ ಪ್ರಕರಣದಲ್ಲಿ ವೈದ್ಯರ ಅಳತೆಗೋಲನ್ನು ಬದಿಗಿಟ್ಟಿತು. ಅಲ್ಲಿಯ ರೋಗಿ ವಿಜ್ಞಾನ ಓದಿದ್ದ, ವೈದ್ಯರೇ ಇದ್ದ ಮನೆತನದ ಮಹಿಳೆ. ಸಕ್ಕರೆ ಕಾಯಿಲೆ ಇದ್ದ ಅವರ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ ಒಂಬತ್ತು ಹತ್ತರಷ್ಟಿದ್ದರೂ ಅದನ್ನು ತಿಳಿಸಿರಲಿಲ್ಲ. ರೋಗಿಗೆ ನಿಲುಕದ ತಾಂತ್ರಿಕ ವಿವರ ಸುರಿಯುವುದರಿಂದ ವೈದ್ಯರ ಕರ್ತವ್ಯ ಮುಗಿಯುವುದಿಲ್ಲ, ರೂಢಿಯಂತೆ ಸಹಿ ಪಡೆಯುವುದರಿಂದಂತೂ ಇಲ್ಲವೇ ಇಲ್ಲ ಎಂದು ಆ ತೀರ್ಪು ಹೇಳಿದೆ. ಓದು ಬರಹ ಇದ್ದವರಿಗೆ ತಿಳಿಯುತ್ತದೆ, ಇಲ್ಲದವರಿಗೆ ತಿಳಿಯುವುದಿಲ್ಲ ಎಂಬ ಗೆರೆ ಎಳೆದು ಸಮಾಧಾನಪಟ್ಟುಕೊಳ್ಳಲು ಈ ಎರಡು ಪ್ರಕರಣಗಳೂ ಬಿಡುವುದಿಲ್ಲ.

ಕೇಳಬಹುದಾಗಿದ್ದ ಪ್ರಶ್ನೆ

ಆದರೂ ಮಾಂಟ್ಗೊಮರಿ ಸಹ ಹೇಳುವವರ ಕರ್ತವ್ಯದ ಬಗ್ಗೆಯೇ ಮಾತನಾಡುತ್ತದೆ. ಕೇಳಿದವರ ತಲೆಗೆ ಏನು ಹೋಯಿತು ಎಂದು ತಿಳಿಯುವ ಉಪಾಯ ಕಾನೂನಿನಿಂದ ಬಂದದ್ದಲ್ಲ, ಶುಶ್ರೂಷೆಯ ಅನುಭವದಿಂದ ಬಂದದ್ದು. ಹೇಳಿದ್ದನ್ನು ರೋಗಿಯ ಬಾಯಿಂದ, ರೋಗಿಯದೇ ಮಾತಿನಲ್ಲಿ ಮರಳಿ ಕೇಳುವುದು. 'ಅರ್ಥವಾಯಿತೇ?' ಎಂಬ ಪ್ರಶ್ನೆ ಇದಕ್ಕೆ ಬದಲಿಯಾಗಲಾರದು. ವೈದ್ಯರು ಹಾಗೆ ಕೇಳಿದರೆ ತಲೆಯಾಡಿಸದವರು ಯಾರು?

ಮೇ 9ರಂದು ಅಲ್ಟ್ರಾಸೌಂಡ್ ವರದಿ ಕೈಯಲ್ಲಿ ಹಿಡಿದು ವೈದ್ಯೆ ಹೀಗೆ ಕೇಳಿದ್ದರು ಎಂದು ಕಲ್ಪಿಸಿಕೊಳ್ಳಿ: 'ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ನಾಳೆ ಏನು ಮಾಡುತ್ತೇವೆ ಎಂದು ನಿಮ್ಮ ತಾಯಿಗೆ ಹೇಗೆ ಹೇಳುತ್ತೀರಿ?' ರೋಗಿಯ ಉತ್ತರ ಬಹುಶಃ ಹೀಗಿರುತ್ತಿತ್ತು: 'ಮಂಪರು ಬರಿಸಿ, ಒಳಗೆ ಕ್ಯಾಮೆರಾ ಹಾಕಿ ನೋಡುತ್ತೀರಿ. ರಕ್ತ ಯಾಕೆ ಹೋಗುತ್ತಿದೆ ಎಂದು ಆಮೇಲೆ ಹೇಳುತ್ತೀರಿ.' ವೈದ್ಯೆಯ ಮನಸ್ಸಿನಲ್ಲಿದ್ದ ಏಣಿಗೂ ರೋಗಿಯ ಮನಸ್ಸಿನಲ್ಲಿದ್ದ ಒಂದೇ ಮೆಟ್ಟಿಲಿಗೂ ನಡುವಿನ ಅಂತರ ಈ ಒಂದು ಉತ್ತರದಲ್ಲೇ ಬಯಲಾಗುತ್ತಿತ್ತು. ಮುಂದಿನ ಪ್ರಶ್ನೆ ತಾನಾಗಿ ಬರುತ್ತಿತ್ತು: 'ಒಳಗೆ ರೋಗ ತುಂಬಾ ಹರಡಿದ್ದರೆ ಅಲ್ಲಿಯೇ ಗರ್ಭಕೋಶ, ಅಂಡಾಶಯ ತೆಗೆಯಬೇಕೋ, ಅಥವಾ ನಿಮ್ಮನ್ನು ಎಬ್ಬಿಸಿ ಕೇಳಬೇಕೋ?' ಕೆಲವರು ತೆಗೆದುಬಿಡಿ, ಎರಡನೆಯ ಸಲ ಇದೆಲ್ಲ ಬೇಡ ಎನ್ನುತ್ತಾರೆ. ಕೆಲವರು ಎಬ್ಬಿಸಿ ಎನ್ನುತ್ತಾರೆ. ಎರಡೂ ವಿವೇಕದ ಉತ್ತರಗಳೇ. ಈ ರೋಗಿಯ ಉತ್ತರ ಯಾವುದಾಗಿರುತ್ತಿತ್ತು ಎಂಬುದನ್ನು ಅವರ ಮುಂದಿನ ಹನ್ನೆರಡು ವರ್ಷಗಳು ಹೇಳುತ್ತವೆ.

ಇದಕ್ಕೆ ಸಮಯ ಎಲ್ಲಿದೆ ಎಂಬ ಆಕ್ಷೇಪ ಸುಳ್ಳಲ್ಲ. ಹೊರಗೆ ಸಾಲು ಕಾಯುತ್ತಿರುವಾಗ ಪ್ರತಿಯೊಬ್ಬರಿಂದಲೂ ಹೀಗೆ ಮರುಮಾತು ಕೇಳುವುದು ಕಷ್ಟ. ತುರ್ತು ಚಿಕಿತ್ಸೆಯಲ್ಲಿ ಅಸಾಧ್ಯವೇ ಸರಿ. ಪರೀಕ್ಷೆಗೆ ಕೂರಿಸಿದಂತಾಯಿತು ಎಂದು ಮುಜುಗರಪಡುವ ರೋಗಿಗಳೂ ಇರುತ್ತಾರೆ. ತಪ್ಪು ಹೇಳಿದರೆ ವೈದ್ಯರು ಸಿಟ್ಟಾಗುತ್ತಾರೆ ಎಂಬ ಅಂಜಿಕೆ ಬೇರೆ. ಹಾಗಾಗಿ ಪ್ರಶ್ನೆಯ ಭಾರ ಹೇಳಿದವರ ಮೇಲಿರಬೇಕು, 'ನಾನು ಸರಿಯಾಗಿ ಹೇಳಿದೆನೋ ನೋಡಬೇಕು' ಎಂದು. ಎಲ್ಲ ಚಿಕಿತ್ಸೆಗೂ ಇಷ್ಟು ಬೇಕಿಲ್ಲ, ಕೈಯಿಂದ ರಕ್ತ ತೆಗೆಯಲು ಯಾರೂ ಸಂವಾದ ಬಯಸುವುದಿಲ್ಲ. ಮತ್ತೆ ಜೋಡಿಸಲಾಗದ ಅಂಗವನ್ನು ತೆಗೆಯುವ ಸಾಧ್ಯತೆ ಇದ್ದಲ್ಲಿ ಬೇಕು. ದೆಹಲಿಯ ಈ ಪ್ರಕರಣದಲ್ಲಿ ಸಮಯದ ಕೊರತೆ ಇತ್ತು ಎನ್ನುವಂತೆಯೂ ಇಲ್ಲ. ಸಲಹೆ ಕೊಟ್ಟದ್ದಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಒಂದು ರಾತ್ರಿ ಇತ್ತು.

ರೋಗಿ ಹೇಳಿದ ಆ ಎರಡು ಮೂರು ವಾಕ್ಯಗಳನ್ನು ಅವರ ಮಾತಿನಲ್ಲೇ, ಅವರ ಭಾಷೆಯಲ್ಲೇ ಸಮ್ಮತಿ ಪತ್ರದಲ್ಲಿ ಬರೆದುಕೊಳ್ಳಲು ಒಂದಿಷ್ಟು ಜಾಗ ಬಿಟ್ಟರೆ ಸಾಕು, ಹೊಸ ಕಾನೂನೇನೂ ಬೇಕಿಲ್ಲ. ಆ ಕಡತದಲ್ಲಿ ಅಂಥ ವಾಕ್ಯಗಳು ಇದ್ದಿದ್ದರೆ, 'ಬೇಕಾದರೆ ತೆಗೆಯಿರಿ' ಎಂದಿದ್ದರೆ ವೈದ್ಯೆಗೆ ಅವರ ಶುಲ್ಕ ಸಿಗುತ್ತಿತ್ತು. 'ನನ್ನನ್ನು ಕೇಳದೆ ಮುಟ್ಟಬೇಡಿ' ಎಂದಿದ್ದರೆ ಸಹಾಯಕ ವೈದ್ಯೆ ಆ ಬಾಗಿಲು ತೆರೆದು ತಾಯಿಯ ಬಳಿಗೆ ಬರುವ ಪ್ರಸಂಗವೇ ಇರುತ್ತಿರಲಿಲ್ಲ.